ಇಪ್ಪತ್ತು ಬಿರ್‌ನ ನೆಲ: ಗಾಂಬೆಲಾ ಎಂಬ ಗಡಿರಾಜ್ಯ ನಡೆಯುವುದು ಹೇಗೆ?

2010ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕರುಟುರಿ ಗ್ಲೋಬಲ್ ಕಂಪನಿ ಇಥಿಯೋಪಿಯಾದಲ್ಲಿ ಒಂದು ಗುತ್ತಿಗೆಗೆ ಸಹಿ ಹಾಕಿತು. ಗುಲಾಬಿ ಬೆಳೆದು ಯುರೋಪಿಗೆ ಮಾರುವುದರಲ್ಲಿ ಹೆಸರು ಮಾಡಿದ್ದ ಕಂಪನಿ ಈ ಬಾರಿ ಕಣ್ಣಿಟ್ಟದ್ದು ಆಹಾರ ಧಾನ್ಯ ಮತ್ತು ಎಣ್ಣೆ ತಾಳೆಯ ಮೇಲೆ. ನೆಲ ಒಂದು ಲಕ್ಷ ಹೆಕ್ಟೇರ್, ಎಂದರೆ ಒಂದು ಸಾವಿರ ಚದರ ಕಿಲೋಮೀಟರ್; ಇಡೀ ಬೆಂಗಳೂರು ನಗರವನ್ನು ಅದರೊಳಗೆ ಇಟ್ಟರೂ ಇನ್ನಷ್ಟು ಜಾಗ ಉಳಿಯುತ್ತದೆ. ಅವಧಿ ಐವತ್ತು ವರ್ಷ. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್. ಅಂದಿನ ವಿನಿಮಯ ದರದಲ್ಲಿ ಅದು ಒಂದು ಡಾಲರಿಗಿಂತ ತುಸು ಹೆಚ್ಚು. ನಮ್ಮ ಲೆಕ್ಕದಲ್ಲಿ ಐವತ್ತು, ಅರವತ್ತು ರೂಪಾಯಿ.

ಆ ನೆಲ ಇದ್ದದ್ದು ಗಾಂಬೆಲಾ ಎಂಬ ರಾಜ್ಯದಲ್ಲಿ. ಆದರೆ ಪತ್ರಕ್ಕೆ ಸಹಿ ಮಾಡಿದ್ದು ಗಾಂಬೆಲಾ ಸರ್ಕಾರವಲ್ಲ, ರಾಜಧಾನಿ ಅಡಿಸ್ ಅಬಾಬಾದ ಕೃಷಿ ಸಚಿವಾಲಯ. ಅಲ್ಲಿನ ಸಂವಿಧಾನವೋ ನೆಲ ಜನಾಂಗಗಳದ್ದು, ಅದರ ಆಡಳಿತ ರಾಜ್ಯಗಳದ್ದು ಎನ್ನುತ್ತದೆ. ಹಾಗಿದ್ದರೆ ಕೇಂದ್ರದ ಸಚಿವಾಲಯದ ಕೈಗೆ ಆ ಪೆನ್ನು ಬಂದದ್ದು ಹೇಗೆ? ಅಷ್ಟಕ್ಕೂ ಆ ನೆಲ ಯಾರದ್ದು? ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟರೆ ಗಾಂಬೆಲಾದ ಇಡೀ ರಾಜಕಾರಣ ಬಿಚ್ಚಿಕೊಳ್ಳುತ್ತದೆ.

ಭೂಪಟದಲ್ಲಿ ಎಲ್ಲಿದೆ?

ಇಥಿಯೋಪಿಯಾ ಎಂದರೆ ಎತ್ತರದ ಪ್ರಸ್ಥಭೂಮಿ, ತಂಪು ಗಾಳಿ, ಕಾಫಿ ಗಿಡ ಎಂಬ ಚಿತ್ರ ನಮ್ಮಲ್ಲಿ ಹಲವರಿಗೆ ಇದೆ. ಆ ಪ್ರಸ್ಥಭೂಮಿ ಪಶ್ಚಿಮಕ್ಕೆ ಇಳಿದು ಮುಗಿಯುವ ಕಡೆ ಗಾಂಬೆಲಾ ಶುರುವಾಗುತ್ತದೆ. ಸಮುದ್ರ ಮಟ್ಟದಿಂದ ಬಹುಪಾಲು ನಾಲ್ಕುನೂರು, ಐನೂರು ಮೀಟರ್ ಎತ್ತರದ ಬಯಲು. ಸೆಕೆ, ಸೊಳ್ಳೆ, ಮಲೇರಿಯಾ. ವಿಸ್ತೀರ್ಣ ಸುಮಾರು ಮೂವತ್ತು ಸಾವಿರ ಚದರ ಕಿಲೋಮೀಟರ್, ಹೆಚ್ಚು ಕಡಿಮೆ ಕರ್ನಾಟಕದ ಆರನೇ ಒಂದು ಭಾಗ. 2007ರ ಜನಗಣತಿಯ ಪ್ರಕಾರ ಜನಸಂಖ್ಯೆ ಮಾತ್ರ 3 ಲಕ್ಷ 7 ಸಾವಿರ. ನಮ್ಮಲ್ಲಿ ಒಂದು ದೊಡ್ಡ ತಾಲ್ಲೂಕಿಗೆ ಅಷ್ಟು ಜನ ಇರುತ್ತಾರೆ.

ಪ್ರಸ್ಥಭೂಮಿಯಲ್ಲಿ ಸುರಿದ ಮಳೆಯನ್ನು ಹೊತ್ತುಕೊಂಡು ಬಾರೊ, ಅಲ್ವೆರೊ, ಗಿಲೊ, ಅಕೋಬೊ ನದಿಗಳು ಈ ಬಯಲಿನ ಮೂಲಕ ಪಶ್ಚಿಮಕ್ಕೆ ಹರಿಯುತ್ತವೆ. ಬಾರೊ ನದಿ ಪಿಬೋರ್ ನದಿಯನ್ನು ಕೂಡಿ ಸೊಬಾತ್ ಆಗುತ್ತದೆ, ಸೊಬಾತ್ ಹೋಗಿ ಬಿಳಿ ನೈಲ್ ಸೇರುತ್ತದೆ. ಮಳೆಗಾಲದ ಕೊನೆಯಲ್ಲಿ ಬಾರೊ ಉಕ್ಕಿದರೆ ನೆಲ ಯಾವುದು, ನದಿ ಯಾವುದು ಎಂದು ಹೇಳುವುದು ಕಷ್ಟ. ಬೆಂಗಳೂರಿನ ಕಂಪನಿಗೆ ಇದು ತಡವಾಗಿ ತಿಳಿಯಿತು. 2011ರಲ್ಲಿ ಅದರ ಮೆಕ್ಕೆಜೋಳದ ಹೊಲಗಳು ಪ್ರವಾಹದಲ್ಲಿ ಮುಳುಗಿದವು.

ಪಶ್ಚಿಮದ ಗಡಿಯಾಚೆ ಇರುವುದು ದಕ್ಷಿಣ ಸುಡಾನ್. 2011ರಲ್ಲಿ ಹುಟ್ಟಿದ ಈ ದೇಶ 2013ರಿಂದ ಅಂತರ್ಯುದ್ಧಕ್ಕೆ ಸಿಕ್ಕಿ ಇನ್ನೂ ಸುಧಾರಿಸಿಕೊಂಡಿಲ್ಲ.

ಯಾರು ಯಾರಿದ್ದಾರೆ?

ರಾಜ್ಯದ ಅಧಿಕೃತ ಹೆಸರಿನಲ್ಲೇ 'ಗಾಂಬೆಲಾ ಜನತೆಗಳು' ಎಂಬ ಬಹುವಚನವಿದೆ. ರಾಜ್ಯದ ಸಂವಿಧಾನ ಐದು ಸಮುದಾಯಗಳನ್ನು ಮೂಲನಿವಾಸಿಗಳೆಂದು ಗುರುತಿಸುತ್ತದೆ: ಅನುವಾಕ್, ನುಯೆರ್, ಮಜಾಂಗ್, ಒಪೊ, ಕೊಮೊ. 2007ರ ಎಣಿಕೆಯಲ್ಲಿ ನುಯೆರ್ ಜನ ಶೇ. 47ರ ಹತ್ತಿರ, ಅನುವಾಕರು ಶೇ. 21, ಮಜಾಂಗರು ಶೇ. 4. ಒಪೊ ಮತ್ತು ಕೊಮೊ ತೀರಾ ಚಿಕ್ಕ ಸಮುದಾಯಗಳು.

ಈ ಐದನ್ನೂ ಕೂಡಿಸಿದರೆ ನೂರು ಆಗುವುದಿಲ್ಲ. ಉಳಿದ ಕಾಲು ಭಾಗಕ್ಕೂ ಹೆಚ್ಚು ಜನ ಪ್ರಸ್ಥಭೂಮಿಯಿಂದ ಇಳಿದು ಬಂದವರು: ಅಮ್ಹಾರ, ಒರೊಮೊ, ಕಫಿಚೊ, ತಿಗ್ರಾಯ್ ಮುಂತಾದವರು. ಗಾಂಬೆಲಾದಲ್ಲಿ ಇವರೆಲ್ಲರಿಗೂ ಸೇರಿ ಒಂದೇ ಹೆಸರು, 'ಮೇಲಿನವರು', ಎಂದರೆ ಎತ್ತರದ ನಾಡಿನವರು. ಅವರಲ್ಲಿ ವ್ಯಾಪಾರಿಗಳಿದ್ದಾರೆ, ಮೇಷ್ಟರಿದ್ದಾರೆ, ಸರ್ಕಾರಿ ನೌಕರರಿದ್ದಾರೆ. 1984ರ ಭೀಕರ ಬರದ ನಂತರ ಅಂದಿನ ಮಿಲಿಟರಿ ಸರ್ಕಾರ ಉತ್ತರ ಮತ್ತು ದಕ್ಷಿಣದ ಊರುಗಳಿಂದ ಲಾರಿಗಳಲ್ಲಿ ತುಂಬಿ ತಂದು ಇಳಿಸಿದ ಹತ್ತಾರು ಸಾವಿರ ರೈತರ ಮಕ್ಕಳು, ಮೊಮ್ಮಕ್ಕಳೂ ಇದ್ದಾರೆ. ಮೈಬಣ್ಣ, ಭಾಷೆ, ಊಟ ಎಲ್ಲವೂ ಬೇರೆ. ಸ್ಥಳೀಯರ ಕಣ್ಣಿಗೆ ಅವರೇ ಸರ್ಕಾರ, ಅವರೇ ಅಂಗಡಿ.

ಆದರೂ ಗಾಂಬೆಲಾದ ಹಳೆಯ ಜಗಳ ಅನುವಾಕ್ ಮತ್ತು ನುಯೆರ್ ನಡುವಿನದು. ಅದನ್ನು ಕೊಂಚ ನಿಧಾನವಾಗಿ ನೋಡಬೇಕು.

ಅನುವಾಕರು ನದಿದಂಡೆಯ ಬೇಸಾಯಗಾರರು. ಜೋಳ, ಮೆಕ್ಕೆಜೋಳ ಬೆಳೆಯುತ್ತಾರೆ, ಮೀನು ಹಿಡಿಯುತ್ತಾರೆ. ದನ ಕಡಿಮೆ; ಅವರ ಊರುಗಳ ಸುತ್ತಲಿನ ಕಾಡಿನಲ್ಲಿ ದನಗಳಿಗೆ ಮಾರಕವಾದ ತ್ಸೆತ್ಸೆ ನೊಣವಿದೆ. ನದಿ ಉಕ್ಕಿ ಇಳಿದ ಮೇಲೆ ದಂಡೆಯಲ್ಲಿ ಉಳಿಯುವ ತೇವದ ಮೆಕ್ಕಲು ಮಣ್ಣಿನಲ್ಲಿ ಮತ್ತೊಂದು ಬೆಳೆ ತೆಗೆಯುತ್ತಾರೆ. ಪ್ರತಿ ಊರಿಗೆ ಅದರದೇ ಮುಖ್ಯಸ್ಥ, ಅದರದೇ ಎಲ್ಲೆ. ನೆಲ ಹಿರಿಯರಿಂದ ಬಂದದ್ದು, ಅದರ ಗುರುತು ಅಳಿಸಿದರೆ ತಾವೇ ಅಳಿದಂತೆ ಎಂಬುದು ಅವರ ಭಾವನೆ.

ನುಯೆರ್ ಜನರ ಬದುಕು ದನದ ಸುತ್ತ. ಮದುವೆಗೆ ದನ, ಕೊಲೆಯ ಪರಿಹಾರಕ್ಕೆ ದನ, ಹಾಡಿನಲ್ಲೂ ದನ. ಹುಡುಗ ಗಂಡಸಾದ ಎನ್ನುವುದಕ್ಕೆ ಹಣೆಯ ಮೇಲೆ ಅಡ್ಡಕ್ಕೆ ಆರು ಗೆರೆ ಕೊಯ್ಯುವ ಸಂಪ್ರದಾಯ ಅವರದ್ದು. ಮಳೆಗಾಲದಲ್ಲಿ ದಿಣ್ಣೆಯ ಮೇಲಿನ ಊರಿನಲ್ಲಿದ್ದು, ಬೇಸಿಗೆಯಲ್ಲಿ ಹುಲ್ಲು, ನೀರು ಹುಡುಕಿಕೊಂಡು ನದಿಗೆ ಇಳಿಯುತ್ತಾರೆ. ಹೊರಗಿನವನನ್ನು ದತ್ತು ತೆಗೆದುಕೊಂಡು, ಹೆಣ್ಣು ಕೊಟ್ಟು ತಂದು ತಮ್ಮವನನ್ನಾಗಿ ಮಾಡಿಕೊಳ್ಳುವುದು ಅವರಿಗೆ ಸಲೀಸು. ನೆಲಕ್ಕೆ ಬೇಲಿ ಹಾಕುವ ವಿಚಾರ ಅಷ್ಟು ಸಲೀಸಲ್ಲ.

ಹೀಗೆ ಬೇಸಿಗೆ ಬಂದರೆ ಒಬ್ಬನ ಎರಡನೇ ಬೆಳೆಯ ಹೊಲ ಮತ್ತು ಇನ್ನೊಬ್ಬನ ದನ ನೀರು ಕುಡಿಯುವ ಜಾಗ ಒಂದೇ ಆಗುತ್ತದೆ. ನಮ್ಮಲ್ಲಿ ಚಿತ್ರದುರ್ಗ, ಬೆಳಗಾವಿ ಕಡೆಯ ಕುರಿಗಾಹಿಗಳು ಸುಗ್ಗಿ ಮುಗಿದ ಹೊಲಗಳಲ್ಲಿ ಮಂದೆ ತರುಬುತ್ತಾರೆ. ರೈತ ಗೊಬ್ಬರದ ಆಸೆಗೆ ಕಾಳು, ಕಾಸು ಕೊಟ್ಟು ಕರೆಯುತ್ತಾನೆ. ಹೊಲದಲ್ಲಿ ಬೆಳೆ ನಿಂತಿರುವಾಗಲೇ ಮಂದೆ ಬಂದರೆ? ಗಾಂಬೆಲಾದ ಜಗಳ ಹಲವು ಸಲ ಇಷ್ಟೇ ಸರಳವಾಗಿ ಹುಟ್ಟುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ನುಯೆರ್ ಜನ ಪೂರ್ವಕ್ಕೆ ಹರಡುತ್ತ ಬಂದು ಅನುವಾಕರ ಹಲವು ಊರುಗಳನ್ನು ದಾಟಿ ನೆಲೆಸಿದರು. ಆ ನೆನಪು ಅನುವಾಕರಲ್ಲಿ ಇನ್ನೂ ಹಸಿಯಾಗಿದೆ. ಎರಡೂ ಕಡೆಯವರ ನಡುವೆ ಮದುವೆ, ಸಂತೆ, ಧಾನ್ಯಕ್ಕೆ ಹಾಲಿನ ವಿನಿಮಯ ನಡೆದುಕೊಂಡು ಬಂದಿದೆ ಎಂಬುದನ್ನೂ ಮರೆಯಬಾರದು.

ನದಿಯ ಮೇಲೆ ಎಳೆದ ಗೆರೆ

1902ರಲ್ಲಿ ಇಥಿಯೋಪಿಯಾದ ಚಕ್ರವರ್ತಿ ಎರಡನೇ ಮೆನೆಲಿಕ್ ಮತ್ತು ಸುಡಾನನ್ನು ಆಳುತ್ತಿದ್ದ ಬ್ರಿಟಿಷರು ಒಂದು ಒಪ್ಪಂದ ಮಾಡಿಕೊಂಡರು. ಗಡಿ ಬಾರೊ, ಪಿಬೋರ್, ಅಕೋಬೊ ನದಿಗಳ ಗುಂಟ ಹಾದುಹೋಯಿತು. ನಕಾಶೆ ಬರೆಯುವವನಿಗೆ ನದಿಯಷ್ಟು ಅನುಕೂಲದ ಗೆರೆ ಇನ್ನೊಂದಿಲ್ಲ. ನದಿಯ ಎರಡೂ ದಂಡೆಗಳಲ್ಲಿ ಒಂದೇ ಕುಲದವರು ಬದುಕುವ ಕಡೆ ಮಾತ್ರ ಆ ಗೆರೆ ಮನೆಯ ನಡುಮಧ್ಯೆ ಹಾದುಹೋಗುತ್ತದೆ. ನುಯೆರ್ ಜನರಲ್ಲಿ ಬಹುಪಾಲು ಸುಡಾನ್ ಕಡೆ ಉಳಿದರು, ಅನುವಾಕರಲ್ಲಿ ಹೆಚ್ಚಿನವರು ಇಥಿಯೋಪಿಯಾ ಕಡೆ.

ಅದೇ ಒಪ್ಪಂದದಲ್ಲಿ ಬ್ರಿಟಿಷರಿಗೆ ಬಾರೊ ದಂಡೆಯಲ್ಲಿ ಒಂದು ವ್ಯಾಪಾರ ಠಾಣೆಯೂ ದಕ್ಕಿತು. ಇಥಿಯೋಪಿಯಾದಲ್ಲಿ ಹಡಗು ಓಡುವಷ್ಟು ನೀರಿರುವ ನದಿ ಇದೊಂದೇ. ಮಳೆಗಾಲದಲ್ಲಿ ಖಾರ್ಟೂಮಿನಿಂದ ಸ್ಟೀಮರ್‌ಗಳು ಬಟ್ಟೆ, ಉಪ್ಪು ತಂದು ಕಾಫಿ ಹೇರಿಕೊಂಡು ಹೋಗುತ್ತಿದ್ದವು. ಗಾಂಬೆಲಾ ಪಟ್ಟಣ ಬೆಳೆದದ್ದು ಹೀಗೆ. ಸುಡಾನ್ ಸ್ವತಂತ್ರವಾದ 1956ರಲ್ಲಿ ಆ ಠಾಣೆ ಇಥಿಯೋಪಿಯಾಕ್ಕೆ ಮರಳಿತು. ನಾವು ಕನ್ನಡಿಗರು ಒಂದು ರಾಜ್ಯದೊಳಗೆ ಕೂಡಿದ ವರ್ಷವೂ ಅದೇ, ಕಾಕತಾಳೀಯ, ಅಷ್ಟೇ.

ಇಥಿಯೋಪಿಯಾದಲ್ಲಿ 'ರಾಜ್ಯ' ಎಂದರೇನು?

1974ರವರೆಗೆ ಚಕ್ರವರ್ತಿಯ ಆಳ್ವಿಕೆ, ಆಮೇಲೆ 1991ರವರೆಗೆ 'ದೆರ್ಗ್' ಎಂದು ಹೆಸರಾದ ಮಿಲಿಟರಿ ಆಡಳಿತ. ಎರಡರಲ್ಲೂ ಅಧಿಕಾರವೆಲ್ಲ ಅಡಿಸ್ ಅಬಾಬಾದಲ್ಲಿ. ದೆರ್ಗ್ 1975ರಲ್ಲಿ ದೇಶದ ನೆಲವನ್ನೆಲ್ಲ ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಅದನ್ನು ಬೀಳಿಸಿದ ಬಂಡುಕೋರರ ಒಕ್ಕೂಟ 1995ರಲ್ಲಿ ಹೊಸ ಸಂವಿಧಾನ ತಂದಿತು. ಈ ಸಂವಿಧಾನ ಜಗತ್ತಿನಲ್ಲೇ ಅಪರೂಪದ್ದು.

ಭಾರತದಲ್ಲಿ ರಾಜ್ಯಗಳು ಬಹುಮಟ್ಟಿಗೆ ಭಾಷೆಯ ಆಧಾರದ ಮೇಲೆ ರೂಪುಗೊಂಡವು. ಆದರೆ ಸಂವಿಧಾನದ ಕಣ್ಣಿನಲ್ಲಿ ಒಡೆಯರು ಭಾರತದ ಪ್ರಜೆಗಳು. ರಾಜ್ಯಗಳ ಎಲ್ಲೆಯನ್ನು ಸಂಸತ್ತು ಬದಲಿಸಬಹುದು. ಇಥಿಯೋಪಿಯಾದ ಸಂವಿಧಾನದ 8ನೇ ವಿಧಿಯ ಪ್ರಕಾರ ಒಡೆತನ ಇರುವುದು ದೇಶದ 'ರಾಷ್ಟ್ರಗಳು, ರಾಷ್ಟ್ರೀಯತೆಗಳು ಮತ್ತು ಜನತೆಗಳ' ಕೈಯಲ್ಲಿ. ಬಿಡಿಸಿ ಹೇಳಿದರೆ, ಜನಾಂಗಗಳ ಕೈಯಲ್ಲಿ. 39ನೇ ವಿಧಿ ಇನ್ನೂ ಮುಂದೆ ಹೋಗಿ, ಪ್ರತಿ ಜನಾಂಗಕ್ಕೂ ದೇಶದಿಂದ ಬೇರ್ಪಡುವ ಹಕ್ಕಿನವರೆಗೂ ಸ್ವನಿರ್ಣಯದ ಅಧಿಕಾರವಿದೆ ಎನ್ನುತ್ತದೆ. ಒಂದು ರಾಜ್ಯದೊಳಗಿನ ಜನಾಂಗ ಜನಮತಗಣನೆ ನಡೆಸಿ ತನ್ನದೇ ರಾಜ್ಯ ಮಾಡಿಕೊಳ್ಳಬಹುದು. ದಕ್ಷಿಣದ ಸಿದಾಮ ಜನ 2019ರಲ್ಲಿ ಮತ ಹಾಕಿ ಹಾಗೆಯೇ ಮಾಡಿಕೊಂಡರು. 1995ರಲ್ಲಿ ಒಂಬತ್ತಿದ್ದ ರಾಜ್ಯಗಳು ಈಗ ಹನ್ನೆರಡು.

ಸಂವಿಧಾನದ ಅರ್ಥ ಏನು ಎಂಬ ತಕರಾರು ಎದ್ದರೆ ನಾವು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುತ್ತೇವೆ. ಅಲ್ಲಿ ಅದನ್ನು ತೀರ್ಮಾನಿಸುವುದು ಜನಾಂಗಗಳ ಪ್ರತಿನಿಧಿಗಳು ಕೂರುವ ಮೇಲ್ಮನೆ. ಪ್ರತಿ ಜನಾಂಗಕ್ಕೆ ಕನಿಷ್ಠ ಒಂದು ಸ್ಥಾನ. ಜನಸಂಖ್ಯೆ ಹತ್ತು ಲಕ್ಷ ಹೆಚ್ಚಿದಂತೆ ಇನ್ನೊಂದೊಂದು. ಕೇಂದ್ರದ ಅನುದಾನ ಯಾವ ರಾಜ್ಯಕ್ಕೆ ಎಷ್ಟು ಎಂಬ ಸೂತ್ರವನ್ನು ನಿಗದಿ ಮಾಡುವುದೂ ಇದೇ ಸಭೆ. ರಾಜ್ಯದ ಕೆಳಗೆ ವಲಯ, ಅದರ ಕೆಳಗೆ ವೊರೆಡಾ, ಕೊನೆಗೆ ಕೆಬೆಲೆ. ವೊರೆಡಾವನ್ನು ನಮ್ಮ ತಾಲ್ಲೂಕು ಎಂದುಕೊಳ್ಳಿ, ಕೆಬೆಲೆಯನ್ನು ಗ್ರಾಮ ಪಂಚಾಯಿತಿ.

ಒಂದೇ ಜನಾಂಗ ಬಹುಸಂಖ್ಯಾತವಾಗಿರುವ ಸೊಮಾಲಿ, ಅಫಾರ್‌ನಂಥ ರಾಜ್ಯಗಳಲ್ಲಿ ಈ ಚೌಕಟ್ಟು ಹೇಗೋ ಕೂರುತ್ತದೆ. ಗಾಂಬೆಲಾದಲ್ಲಿ ಯಾರಿಗೂ ಸ್ಪಷ್ಟ ಬಹುಮತವಿಲ್ಲ. ಸಂವಿಧಾನವೋ ಪ್ರತಿ ಜನಾಂಗಕ್ಕೂ ಒಂದು ಜಾಗ ಇದೆ, ಜನ ಆ ಜಾಗದಲ್ಲೇ ಇರುತ್ತಾರೆ ಎಂದು ಎಣಿಸಿ ಬರೆದದ್ದು. ಇಲ್ಲಿ ದನ ಚಲಿಸುತ್ತದೆ, ದನದ ಹಿಂದೆ ಜನ ಚಲಿಸುತ್ತಾರೆ, ಯುದ್ಧ ಆಚೆಯವರನ್ನು ಈಚೆ ತಳ್ಳುತ್ತದೆ, ಬರ ಮೇಲಿನವರನ್ನು ಕೆಳಗಿಳಿಸುತ್ತದೆ.

ಕುರ್ಚಿ ಹಂಚಿಕೆ

1991ರಲ್ಲಿ ದೆರ್ಗ್ ಬಿದ್ದಾಗ ಗಾಂಬೆಲಾದ ಅಧಿಕಾರ ಹಿಡಿದದ್ದು ಅನುವಾಕರ ಮುಂದಾಳತ್ವದ ವಿಮೋಚನಾ ಚಳವಳಿ. ಹೊಸ ಆಡಳಿತಗಾರರ ಪರ ಹೋರಾಡಿದ್ದಕ್ಕೆ ಸಿಕ್ಕ ಪಾಲು ಅದು. 1994ರ ಜನಗಣತಿ ಬಂದಾಗ ಲೆಕ್ಕ ತಲೆಕೆಳಗಾಯಿತು: ನುಯೆರ್ ಜನ ಶೇ. 40, ಅನುವಾಕರು ಶೇ. 27. 'ತಲೆ ಹೆಚ್ಚಿರುವವರು ನಾವು, ಕುರ್ಚಿ ಯಾಕೆ ನಿಮ್ಮದು?' ಎಂದು ನುಯೆರ್ ನಾಯಕರು ಕೇಳಿದರು. 'ಆ ತಲೆಗಳಲ್ಲಿ ಎಷ್ಟು ಗಡಿ ದಾಟಿ ಬಂದವು?' ಎಂಬುದು ಅನುವಾಕರ ಮರುಪ್ರಶ್ನೆ. ಎರಡೂ ಪ್ರಶ್ನೆಗಳಲ್ಲಿ ಹುರುಳಿದೆ. ನುಯೆರ್ ಜನರಲ್ಲಿ ತಲೆಮಾರುಗಳಿಂದ ಇಥಿಯೋಪಿಯಾದಲ್ಲೇ ಇದ್ದವರಿದ್ದಾರೆ. ನಿನ್ನೆ ಮೊನ್ನೆ ನದಿ ದಾಟಿದ ಅವರ ದಾಯಾದಿಗಳೂ ಇದ್ದಾರೆ. ಇಬ್ಬರ ಹಣೆಯ ಮೇಲೂ ಅದೇ ಆರು ಗೆರೆ.

ಕ್ರಮೇಣ ಒಂದು ಹೊಂದಾಣಿಕೆ ಮೂಡಿತು. ರಾಜ್ಯವನ್ನು ಅನುವಾಕ್ ವಲಯ, ನುಯೆರ್ ವಲಯ, ಮಜಾಂಗ್ ವಲಯ ಎಂದು ವಿಂಗಡಿಸಲಾಯಿತು. ಪ್ರತಿ ವಲಯಕ್ಕೆ ಅದರದೇ ಆಡಳಿತ. ಪ್ರಾಥಮಿಕ ಶಾಲೆಗಳಲ್ಲಿ ಸ್ಥಳೀಯ ಭಾಷೆಗಳಿಗೆ ಜಾಗ. ರಾಜ್ಯದ ಕಚೇರಿ ಭಾಷೆಯಾಗಿ ಮಾತ್ರ ಅಮ್ಹಾರಿಕ್ ಉಳಿಯಿತು. ಐದರಲ್ಲಿ ಯಾವ ಸಮುದಾಯದ ತಾಯ್ನುಡಿಯೂ ಅದಲ್ಲ. ಬಹುಶಃ ಅದಕ್ಕೇ ಯಾರೂ ಹೆಚ್ಚು ತಕರಾರು ತೆಗೆಯಲಿಲ್ಲ. ಅನುವಾಕ್, ನುಯೆರ್, ಒಪೊ ಮೂವರೂ ಬೆರೆತಿರುವ ಇಟಾಂಗ್ ಅನ್ನು ಯಾವ ವಲಯಕ್ಕೂ ಸೇರಿಸದೆ 'ವಿಶೇಷ ವೊರೆಡಾ' ಎಂದು ಪ್ರತ್ಯೇಕವಾಗಿಟ್ಟರು. ಇತ್ತೀಚಿನ ವರ್ಷಗಳ ಅನುವಾಕ್ ಮತ್ತು ನುಯೆರ್ ಘರ್ಷಣೆಗಳಲ್ಲಿ ಇಟಾಂಗ್ ಹೆಸರು ಮತ್ತೆ ಮತ್ತೆ ಬರುತ್ತಿರುವುದು ಆಕಸ್ಮಿಕವಲ್ಲ. ಹಂಚಲಾಗದೆ ಬಿಟ್ಟ ತುಂಡು ಅದು.

ಅಧ್ಯಕ್ಷ ಪದವಿ, ಎಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನ, ಒಬ್ಬರಿಗಾದರೆ ಉಪಾಧ್ಯಕ್ಷ ಪದವಿ ಇನ್ನೊಬ್ಬರಿಗೆ ಎಂಬ ರೂಢಿ ಬೆಳೆಯಿತು. 2005ರಿಂದ 2013ರವರೆಗೆ ಅನುವಾಕರ ಒಮೋದ್ ಒಬಾಂಗ್ ಒಲುಮ್, ಆಮೇಲೆ 2018ರವರೆಗೆ ನುಯೆರ್ ಸಮುದಾಯದ ಗಟ್ಲುವಾಕ್ ತುಟ್, ನಂತರ ಮತ್ತೆ ಅನುವಾಕರ ಒಮೋದ್ ಒಜುಲು. 2024ರಲ್ಲಿ ಆ ಕುರ್ಚಿಗೆ ಅಲೆಮಿತು ಉಮೋದ್ ಬಂದರು.

ಈ ಹಂಚಿಕೆಯ ಹೊರಗೆ ಉಳಿದವರು ಇಬ್ಬರು. ಒಪೊ, ಕೊಮೊ ಸಮುದಾಯಗಳಿಗೆ ಹೆಸರಿದೆ, ವಲಯವಿಲ್ಲ. ಮೇಲಿನವರಿಗೆ ಸಂಖ್ಯೆ ಇದೆ, ಅಂಗಡಿ ಇದೆ, ಕಚೇರಿಗಳಲ್ಲಿ ಕೆಲಸವಿದೆ. ಆದರೆ 'ಮೂಲನಿವಾಸಿ' ಪಟ್ಟಿಯಲ್ಲಿ ಇಲ್ಲದ ಕಾರಣ ರಾಜ್ಯದ ರಾಜಕಾರಣದಲ್ಲಿ ಅವರು ಬಾಡಿಗೆದಾರರಂತೆ. 2014ರಲ್ಲಿ ಮಜಾಂಗ್ ವಲಯದಲ್ಲಿ ಅರಣ್ಯದ ನೆಲಕ್ಕಾಗಿ ಮಜಾಂಗರಿಗೂ ಮೇಲಿನವರಿಗೂ ಮಾರಾಮಾರಿಯಾಯಿತು. ಜೇನು, ಬೇಟೆ, ಕಾಡಿನ ಬೇಸಾಯ ನಂಬಿದ ಮಜಾಂಗರಿಗೆ ಕಾಡು ಕರಗಿ ಕಾಫಿ ತೋಟವಾಗುವುದು ಕಾಲ ಕೆಳಗಿನ ನೆಲ ಸರಿದಂತೆ. ಆ ಕಾಡಿನ ಒಂದು ಭಾಗ 2017ರಲ್ಲಿ ಯುನೆಸ್ಕೊದ ಜೀವಗೋಳ ಮೀಸಲು ಪಟ್ಟಿಗೆ ಸೇರಿತು.

ಬೀಗದ ಕೈ ಯಾರ ಬಳಿ?

ಈಗ ಆ ಪೆನ್ನಿನ ಪ್ರಶ್ನೆಗೆ ಬರೋಣ. ಸಂವಿಧಾನದ 40ನೇ ವಿಧಿಯಂತೆ ನೆಲ ಸರ್ಕಾರ ಮತ್ತು ಜನತೆಯ ಜಂಟಿ ಸ್ವತ್ತು. ಯಾರೂ ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ನೆಲದ ಕಾನೂನು ಮಾಡುವುದು ಕೇಂದ್ರ, ಆ ಕಾನೂನಿನ ಪ್ರಕಾರ ಆಡಳಿತ ನಡೆಸುವುದು ರಾಜ್ಯ. ಇಲ್ಲಿಯವರೆಗೆ ಸರಿ. 2008ರ ಸುಮಾರಿಗೆ ಜಗತ್ತಿನಲ್ಲಿ ಆಹಾರದ ಬೆಲೆ ಏರಿ, ಹೊರದೇಶದ ಕಂಪನಿಗಳು ಆಫ್ರಿಕಾದಲ್ಲಿ ನೆಲ ಹುಡುಕತೊಡಗಿದವು. ಆಗ ದೊಡ್ಡ ಹಿಡುವಳಿಗಳ ಗುತ್ತಿಗೆ ಕೊಡುವ ಅಧಿಕಾರವನ್ನು ರಾಜ್ಯಗಳಿಂದ ಮೇಲಕ್ಕೆ, ಕೇಂದ್ರದ ಕೃಷಿ ಸಚಿವಾಲಯಕ್ಕೆ 'ವಹಿಸಿಕೊಡುವ' ಏರ್ಪಾಡು ಬಂತು. 5,000 ಹೆಕ್ಟೇರಿಗಿಂತ ದೊಡ್ಡ ತುಂಡುಗಳು ಕೇಂದ್ರದ ಭೂಬ್ಯಾಂಕಿಗೆ ಸೇರಿದವು. ಅಧಿಕಾರವನ್ನು ಮೇಲಿನವರು ಕೆಳಗಿನವರಿಗೆ ವಹಿಸಿಕೊಡುವುದು ಲೋಕರೂಢಿ. ಇಲ್ಲಿ ಅದು ಉಲ್ಟಾ ಹರಿಯಿತು. ಮನೆಯ ಪತ್ರ ತಮ್ಮನ ಹೆಸರಿನಲ್ಲಿದೆ, ಬೀಗದ ಕೈ ಮಾತ್ರ ಅಣ್ಣನ ಸೊಂಟದಲ್ಲಿ.

ತಮ್ಮ ಯಾಕೆ ಒಪ್ಪಿದ? ಒಂದನೆಯದಾಗಿ ಹಣ. ಗಾಂಬೆಲಾದ ಸ್ವಂತ ತೆರಿಗೆ ಆದಾಯ ಅಲ್ಪ. ಬಜೆಟ್ಟಿನ ಬಹುಪಾಲು ಕೇಂದ್ರದ ಅನುದಾನ. ಎರಡನೆಯದಾಗಿ ಪಕ್ಷ. ಆಗ ದೇಶ ಆಳುತ್ತಿದ್ದದ್ದು ನಾಲ್ಕು ಪಕ್ಷಗಳ ಒಕ್ಕೂಟ. ಗಾಂಬೆಲಾದ ಪಕ್ಷ ಅದರ ಸದಸ್ಯನಾಗಿರಲಿಲ್ಲ, ಬರೀ 'ಜೊತೆಗಾರ' ಪಕ್ಷ. ಎಂದರೆ ಪ್ರಧಾನಿಯನ್ನು ಆರಿಸುವ ಕೋಣೆಯೊಳಗೆ ಅದಕ್ಕೆ ಮತವಿಲ್ಲ. ಕೇಂದ್ರ ಸಂಸತ್ತಿನ ಐನೂರಕ್ಕೂ ಹೆಚ್ಚು ಸ್ಥಾನಗಳಲ್ಲಿ ಗಾಂಬೆಲಾದ್ದು ಮೂರು. 2019ರ ಕೊನೆಯಲ್ಲಿ ಪ್ರಧಾನಿ ಅಬಿಯ್ ಅಹ್ಮದ್ ಒಕ್ಕೂಟವನ್ನು ವಿಸರ್ಜಿಸಿ ಪ್ರಾಸ್ಪೆರಿಟಿ ಪಕ್ಷ ಕಟ್ಟಿದಾಗ ಗಾಂಬೆಲಾದ ಪಕ್ಷವೂ ಅದರಲ್ಲಿ ಲೀನವಾಗಿ, ಕಾಗದದ ಮೇಲಾದರೂ ಸಮಾನ ಸದಸ್ಯನಾಯಿತು.

ಗುತ್ತಿಗೆಗಳ ಕಾಲದಲ್ಲೇ, 2010ರಿಂದ, ಚದುರಿದ ಊರುಗಳ ಜನರನ್ನು ದೊಡ್ಡ ಹಳ್ಳಿಗಳಿಗೆ ಒಟ್ಟುಗೂಡಿಸುವ ಯೋಜನೆಯೂ ನಡೆಯಿತು. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಒಂದೇ ಕಡೆ ಒದಗಿಸುವುದು ಉದ್ದೇಶ, ಎಲ್ಲರೂ ಸ್ವಇಚ್ಛೆಯಿಂದ ಬಂದರು ಎಂದಿತು ಸರ್ಕಾರ. ಸೈನಿಕರನ್ನು ಮುಂದಿಟ್ಟುಕೊಂಡು ಎಬ್ಬಿಸಿದರು, ಹೊಸ ಜಾಗದಲ್ಲಿ ಹೇಳಿದ ಸೌಕರ್ಯ ಇರಲಿಲ್ಲ ಎಂದು 2012ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ಅನುವಾಕರ ದೂರು ವಿಶ್ವಬ್ಯಾಂಕಿನ ತನಿಖಾ ಸಮಿತಿಯವರೆಗೂ ಹೋಯಿತು. ಬ್ಯಾಂಕಿನ ಹಣ ಪಡೆಯುತ್ತಿದ್ದ ಸೇವಾ ಯೋಜನೆಗೂ ಈ ಸ್ಥಳಾಂತರಕ್ಕೂ ನಂಟಿತ್ತು, ಬ್ಯಾಂಕು ಅದನ್ನು ಸರಿಯಾಗಿ ಗಮನಿಸಲಿಲ್ಲ ಎಂದು ಸಮಿತಿ ಹೇಳಿತು.

ಬೆಂಗಳೂರಿನ ಕಂಪನಿಯ ಕಥೆ 2015ರ ಡಿಸೆಂಬರ್‌ನಲ್ಲಿ ಮುಗಿಯಿತು. ಒಂದು ಲಕ್ಷ ಹೆಕ್ಟೇರಿನಲ್ಲಿ ಸಾಗುವಳಿಯಾದದ್ದು ಅತ್ಯಲ್ಪ ಎಂದು ಹೇಳಿ ಸಚಿವಾಲಯ ಗುತ್ತಿಗೆ ರದ್ದು ಮಾಡಿತು. ಕಂಪನಿ ಒಪ್ಪಲಿಲ್ಲ. ಕೊಡುವಾಗಲೂ ರದ್ದು ಮಾಡುವಾಗಲೂ ನಿರ್ಧಾರ ಆದದ್ದು ಅಡಿಸ್ ಅಬಾಬಾದಲ್ಲೇ.

ಕೋವಿ, ಕಾವಲು

ಒಂದು ಸರ್ಕಾರದ ಮೊದಲ ಕೆಲಸ ಪ್ರಾಣ ಕಾಯುವುದು. ಗಾಂಬೆಲಾ ಇಲ್ಲಿ ಪದೇ ಪದೇ ಸೋತಿದೆ. ಸೋಲಿನ ಬಗೆ ಪ್ರತಿ ಸಲ ಬೇರೆ.

2003ರ ಡಿಸೆಂಬರ್ 13ರಂದು ನಿರಾಶ್ರಿತರ ಕೆಲಸದ ಮೇಲಿದ್ದ ಎಂಟು ಜನ ಮೇಲಿನವರ ಹೆಣಗಳು ಗಾಂಬೆಲಾ ಪಟ್ಟಣಕ್ಕೆ ಬಂದವು. ಕೊಂದವರು ಅನುವಾಕರೆಂಬ ಗುಮಾನಿ ಹಬ್ಬಿತು. ಅಂದು ಮತ್ತು ಮುಂದಿನ ದಿನಗಳಲ್ಲಿ ಮೇಲಿನವರ ಗುಂಪುಗಳು ಸೈನಿಕರೊಡಗೂಡಿ ಅನುವಾಕರ ಮನೆಗಳಿಗೆ ನುಗ್ಗಿದವು. ಸತ್ತವರು ಅರವತ್ತರ ಆಸುಪಾಸು ಎಂದಿತು ಸರ್ಕಾರಿ ತನಿಖೆ. ನಾಲ್ಕುನೂರಕ್ಕೂ ಹೆಚ್ಚು ಎನ್ನುತ್ತವೆ ಮಾನವ ಹಕ್ಕು ಸಂಘಟನೆಗಳು. ರಾಜ್ಯದ ಅಂದಿನ ಅಧ್ಯಕ್ಷ ಒಕೆಲೊ ಅಕುವಾಯ್ ದೇಶ ಬಿಟ್ಟು ಓಡಿದರು. ರಾಜ್ಯದ ಮುಖ್ಯಸ್ಥನಿಗೇ ತನ್ನ ಪಟ್ಟಣದಲ್ಲಿ ಸೈನ್ಯವನ್ನು ತಡೆಯುವ ಶಕ್ತಿ ಇರಲಿಲ್ಲ, ಸೈನ್ಯ ಕೇಂದ್ರದ್ದು.

2016ರ ಏಪ್ರಿಲ್ 15ರಂದು ದಕ್ಷಿಣ ಸುಡಾನಿನ ಮುರ್ಲೆ ಜನಾಂಗದ ಬಂದೂಕುಧಾರಿಗಳು ಗಡಿ ದಾಟಿ ನುಯೆರ್ ಊರುಗಳ ಮೇಲೆ ಎರಗಿದರು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನೂರಕ್ಕೂ ಹೆಚ್ಚು ಮಕ್ಕಳನ್ನೂ ಸಾವಿರಾರು ದನಗಳನ್ನೂ ಹೊಡೆದುಕೊಂಡು ಹೋದರು. ದನ ಕದಿಯುವ ದಾಳಿ ಈ ಬಯಲಿಗೆ ಹೊಸದಲ್ಲ. ಹಿಂದೆ ಭರ್ಜಿಯಿಂದ ನಡೆಯುತ್ತಿದ್ದದ್ದು ಸುಡಾನಿನ ದಶಕಗಳ ಯುದ್ಧದ ನಂತರ ಕಲಾಷ್ನಿಕೋವ್‌ನಿಂದ ನಡೆಯುತ್ತದೆ. 2022ರ ಜೂನ್‌ನಲ್ಲಿ ಬಂಡುಕೋರರು ಗಾಂಬೆಲಾ ಪಟ್ಟಣದೊಳಗೇ ನುಗ್ಗಿದರು. ಅವರನ್ನು ಹಿಮ್ಮೆಟ್ಟಿಸಿದ ಮೇಲೆ ರಾಜ್ಯದ ಪಡೆಗಳೇ ಹತ್ತಾರು ನಾಗರಿಕರನ್ನು ಕೊಂದವು ಎಂದು ಇಥಿಯೋಪಿಯಾದ ಮಾನವ ಹಕ್ಕು ಆಯೋಗ ವರದಿ ಕೊಟ್ಟಿತು. 2023ರಲ್ಲಿ ಕೇಂದ್ರ ಎಲ್ಲ ರಾಜ್ಯಗಳ ವಿಶೇಷ ಪಡೆಗಳನ್ನೂ ವಿಸರ್ಜಿಸಲು ತೀರ್ಮಾನಿಸಿತು.

ಆಚೆ ದಡದಿಂದ ಬಂದವರು

ಗಾಂಬೆಲಾದ ಹೆಸರು ಸುದ್ದಿಯಲ್ಲಿ ಕೇಳಿಬರುವುದು ಈಗ ಹೆಚ್ಚಾಗಿ ನಿರಾಶ್ರಿತರ ಕಾರಣಕ್ಕೆ. 1980ರ ದಶಕದಲ್ಲಿ ಸುಡಾನಿನ ಅಂತರ್ಯುದ್ಧದಿಂದ ಓಡಿಬಂದವರಿಗೆ ಇಟಾಂಗ್‌ನಲ್ಲಿ ತೆರೆದ ಶಿಬಿರ ಅಂದಿನ ಜಗತ್ತಿನ ಅತಿ ದೊಡ್ಡ ಶಿಬಿರಗಳಲ್ಲಿ ಒಂದಾಗಿತ್ತು. 2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನ್ ಹೊತ್ತಿಕೊಂಡಾಗ ಮತ್ತೆ ಲಕ್ಷಗಟ್ಟಲೆ ಜನ ಬಂದರು. ಕುಲೆ, ತಿಯೆರ್ಕಿಡಿ, ಜೆವಿ, ಎಂಗುವೆನ್ಯಿಯೆಲ್ ಶಿಬಿರಗಳು ಹುಟ್ಟಿದವು. 2025ರ ಮಾರ್ಚ್‌ನಲ್ಲಿ ಗಡಿಗೆ ಹತ್ತಿರದ ನಾಸಿರ್ ಪಟ್ಟಣದಲ್ಲಿ ಕಾಳಗ ಶುರುವಾದ ಮೇಲೆ ಇನ್ನೊಂದು ಅಲೆ. ಒಟ್ಟು ಲೆಕ್ಕ ಮೂರು ಲಕ್ಷ ದಾಟುತ್ತದೆ. 2007ರಲ್ಲಿ ಎಣಿಸಿದ ಇಡೀ ರಾಜ್ಯದ ಜನಸಂಖ್ಯೆಗೆ ಇದು ಸರಿಸಮ.

ನಿರಾಶ್ರಿತರಲ್ಲಿ ಹೆಚ್ಚಿನವರು ನುಯೆರ್. ಮನೆ ಕಳೆದುಕೊಂಡು ಬಂದವರಿಗೆ ಅಲ್ಲಿನ ಕುರ್ಚಿ ಲೆಕ್ಕ ಗೊತ್ತಿರುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಅನುವಾಕ್ ರೈತನ ಕಣ್ಣಿನಿಂದ ನೋಡಿ: ಶಿಬಿರಕ್ಕೆ ಸೌದೆ ಬೇಕು, ಹುಲ್ಲು ಬೇಕು, ಜಾಗ ಬೇಕು. ಶಿಬಿರದೊಳಗೆ ಪಡಿತರ, ಔಷಧಿ, ಶಾಲೆ ಇದೆ; ಬೇಲಿಯ ಈಚೆ ಅವನ ಊರಿನಲ್ಲಿ ಇಲ್ಲ. ಈ ಅಸಮಾಧಾನ ತಣಿಸಲು, ನಿರಾಶ್ರಿತರಿಗೆಂದು ಬಂದ ಸೌಲಭ್ಯಗಳಲ್ಲಿ ಸುತ್ತಲಿನ ಊರುಗಳಿಗೂ ಪಾಲು ಕೊಡುವ ಪದ್ಧತಿ ಬಂತು. 2019ರ ಕಾನೂನು ನಿರಾಶ್ರಿತರಿಗೆ ಕೆಲಸ ಮಾಡುವ, ಓಡಾಡುವ ಹಕ್ಕನ್ನು ಕೊಟ್ಟಿತು. ಆಫ್ರಿಕಾದಲ್ಲೇ ಉದಾರ ಎನಿಸಿಕೊಂಡ ಕಾನೂನು ಅದು. ಗಾಂಬೆಲಾದಲ್ಲಿ ಅದನ್ನು ಓದಿದ ರೀತಿ ಬೇರೆ: ಕೆಲಸದ ಹಕ್ಕು ಇಂದು, ಗುರುತಿನ ಚೀಟಿ ನಾಳೆ, ಮತ ನಾಡಿದ್ದು.

ಆ ಭಯವನ್ನು ಹೋಗಲಾಡಿಸಲು ಇರುವ ದಾರಿ ಎಂದರೆ ಯಾರು ಪ್ರಜೆ, ಯಾರು ಅತಿಥಿ ಎಂದು ಎಲ್ಲರೂ ನಂಬುವಂಥ ಎಣಿಕೆ. ಇಥಿಯೋಪಿಯಾದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯಬೇಕು ಎಂದು ಸಂವಿಧಾನವೇ ಹೇಳುತ್ತದೆ. 2017ರಲ್ಲಿ ಆಗಬೇಕಾಗಿದ್ದ ಎಣಿಕೆಯನ್ನು ಭದ್ರತೆಯ ಕಾರಣ ಕೊಟ್ಟು ಮುಂದೂಡಿದರು, 2019ರಲ್ಲಿ ಮತ್ತೆ ಮುಂದೂಡಿದರು. ಆಮೇಲೆ ಕೊರೊನಾ ಬಂತು, ತಿಗ್ರಾಯ್‌ನಲ್ಲಿ ಯುದ್ಧ ಬಂತು. ಹೀಗಾಗಿ ಈ ಲೇಖನದಲ್ಲಿ ನಾನು ಬಳಸಿದ ಶೇ. 47, ಶೇ. 21 ಎಂಬ ಅಂಕಿಗಳು ದಕ್ಷಿಣ ಸುಡಾನ್ ಎಂಬ ದೇಶವೇ ಇಲ್ಲದಿದ್ದ ಕಾಲದವು. ಗಾಂಬೆಲಾದ ನಾಯಕರು ಕುರ್ಚಿಗಾಗಿ ವಾದಕ್ಕೆ ಕೂತಾಗ ಮೇಜಿನ ಮೇಲೆ ಇಡುವುದೂ ಅವೇ ಅಂಕಿಗಳನ್ನು.